ಮೆಷಿನ್ ಚಾಲೂ ಮಾಡುವ ಮೊದಲು ಬಯಲು ಒಮ್ಮೆ ನಡೆದು ನೋಡಿ

ಪ್ರಶ್ನೆ: ನಮ್ಮದು ಕುಷ್ಟಗಿ ಹತ್ತಿರ ಹೊಲದ ಮನೆ. ಸುತ್ತ ಒಂದೂವರೆ ಎಕರೆ ಖಾಲಿ ಬಯಲು. ಮಳೆ ಬಿದ್ದ ಮೇಲೆ ಹುಲ್ಲು ಮೊಳಕಾಲು ದಾಟಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಹಾವು-ಚೇಳಿನ ಭಯ. ಹುಲ್ಲು ಕತ್ತರಿಸುವ ಮೆಷಿನ್ ತರಬೇಕಾ, ಕಳೆನಾಶಕ ಹೊಡೀಬೇಕಾ, ಇಲ್ಲಾ ಒಣಗಿದ ಮೇಲೆ ಬೆಂಕಿ ಹಚ್ಚಿದ್ರೆ ಆಯ್ತಾ?

ಉತ್ತರ: ಕತ್ತರಿಸಿ. ಬೆಂಕಿ ಬೇಡವೇ ಬೇಡ. ನಮ್ಮ ಕಡೆ ಗಾಳಿ ಯಾವಾಗ ತಿರುಗುತ್ತದೆ ಹೇಳಲಿಕ್ಕಾಗಲ್ಲ, ಪಕ್ಕದಲ್ಲೇ ಯಾರದೋ ಕಣಿಕೆ ಬಣವೆ ಇರುತ್ತದೆ. ಕಳೆನಾಶಕ ಹೊಡೆದರೆ ಹುಲ್ಲು ಸಾಯುತ್ತದೆ, ಆದರೆ ಅಲ್ಲೇ ನಿಂತಿರುತ್ತದೆ. ಹಾವಿಗೆ ಹಸಿ ಹುಲ್ಲಾದರೇನು, ಒಣ ಹುಲ್ಲಾದರೇನು, ಮರೆ ಸಿಕ್ಕರೆ ಸಾಕು. ಕೊನೆಗೆ ಅದನ್ನೂ ಕತ್ತರಿಸಲೇಬೇಕು. ಮೇಲಾಗಿ ದನ, ಕೋಳಿ, ಮಕ್ಕಳು ಓಡಾಡುವ ಜಾಗ ಅದು.

ಒಂದೂವರೆ ಎಕರೆಗೆ ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟರ್ ಸಾಕು. ತಳ್ಳಿಕೊಂಡು ಹೋಗುವ ಲಾನ್ ಮೂವರ್ ನಮ್ಮ ಕಲ್ಲು ನೆಲಕ್ಕೆ ಒಗ್ಗುವುದಿಲ್ಲ. ಕೊಳ್ಳುವ ಮೊದಲು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದಾ ಅಂತ ಕೇಳಿ. ವರ್ಷಕ್ಕೆ ಎರಡು ಮೂರು ಸಲದ ಕೆಲಸಕ್ಕೆ ಸುಮ್ನೆ ದುಡ್ಡು ಹಾಕುವುದು ಯಾಕೆ?

ನಾನು ಒತ್ತಿ ಹೇಳಬೇಕಾದ ಮಾತು ಬೇರೆ ಇದೆ. ಮೆಷಿನ್ ಚಾಲೂ ಮಾಡುವ ಮೊದಲು, ಉದ್ದ ಕೋಲು ಹಿಡಿದು ಇಡೀ ಬಯಲು ನಿಧಾನಕ್ಕೆ ನಡೆಯಿರಿ. ನಮ್ಮ ಒಣ ಕಲ್ಲು ನೆಲದಲ್ಲಿ ಉರಿಮಂಡಲ ಅನ್ನುವ ವಿಷದ ಹಾವು ಇರುತ್ತದೆ. ಸಾಮಾನ್ಯವಾಗಿ ಮೊಳದುದ್ದ, ಮಣ್ಣಿನ ಬಣ್ಣ. ಬೇರೆ ಹಾವುಗಳ ಹಾಗೆ ಸದ್ದಿಗೆ ಸರಿದು ಹೋಗದೆ ಬಹಳ ಸಲ ಇದ್ದಲ್ಲೇ ಸುತ್ತಿಕೊಂಡು ಕೂತಿರುತ್ತದೆ. ಹತ್ತಿರ ಹೋದರೆ ಮೈಯ ಸುರುಳಿಗಳನ್ನು ಒಂದಕ್ಕೊಂದು ಉಜ್ಜಿ ಕರಕರ ಸದ್ದು ಮಾಡುತ್ತದೆ. ಕೊಳಕುಮಂಡಲ ಬುಸ್ ಅಂತ ಜೋರಾಗಿ ಉಸಿರು ಬಿಡುತ್ತದೆ. ಎರಡೂ ನಮಗೆ ಕೊಡುವ ಎಚ್ಚರಿಕೆ. ಇಂಜಿನ್ ಸದ್ದಿನಲ್ಲಿ ಆ ಎಚ್ಚರಿಕೆ ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ಅದಕ್ಕೇ ಮೊದಲು ಮೌನವಾಗಿ ನಡೆಯಬೇಕು ಅನ್ನುವುದು. ಕೋಲಿನಿಂದ ಹುಲ್ಲು ಸರಿಸಿ, ನೋಡಿ, ಆಮೇಲೆ ಹೆಜ್ಜೆ ಇಡಿ.

ನಡೆಯುವಾಗಲೇ ತಂತಿ ತುಂಡು, ಗಾಜು, ಹರಿದ ಡ್ರಿಪ್ ಪೈಪು, ಗೋಣಿಚೀಲದ ದಾರ ಎಲ್ಲ ಆರಿಸಿ. ಎತ್ತಲಾಗದ ಬಂಡೆ, ಬೋರಿನ ಪೈಪು, ವಾಲ್ವ್ ಇದ್ದ ಕಡೆ ಕೋಲು ನೆಟ್ಟು ಬಣ್ಣದ ಬಟ್ಟೆ ಕಟ್ಟಿ. ಕಲ್ಲನ್ನು ಬರಿಗೈಲಿ ಎತ್ತಬೇಡಿ, ಕೆಳಗೆ ಕೆಂಪು ಚೇಳು ಇರಬಹುದು. ಹಾರೆಯಿಂದ ನಿಮ್ಮ ಕಡೆಗೆ ಮಗುಚಿ. ಆಗ ಕಲ್ಲಿನ ಬಾಯಿ ಆಚೆ ತೆರೆಯುತ್ತದೆ, ಒಳಗಿದ್ದದ್ದು ಆಚೆಗೇ ಓಡುತ್ತದೆ.

ಕತ್ತರಿಸುವುದನ್ನು ಮನೆಯ ಗೋಡೆಯಿಂದ ಶುರು ಮಾಡಿ ಬೇಲಿ ಕಡೆಗೆ ಹೋಗಿ. ಬೇಲಿಯಿಂದ ಒಳಕ್ಕೆ ಬಂದರೆ ಹಾವು, ಇಲಿ ಎಲ್ಲವನ್ನೂ ನೀವೇ ಮನೆಯತ್ತ ಅಟ್ಟಿದ ಹಾಗೆ ಆಗುತ್ತದೆ. ಮೊಳಕಾಲು ದಾಟಿದ ಹುಲ್ಲನ್ನು ಒಂದೇ ಸಲ ಬುಡಕ್ಕೆ ಕತ್ತರಿಸಬೇಡಿ. ಮೊದಲು ಮೇಲಿನ ಅರ್ಧ, ನೆಲ ಕಂಡ ಮೇಲೆ ಎರಡನೇ ಸಲ ಮೂರು ಇಂಚಿಗೆ. ಗೋಡೆ, ಕಲ್ಲಿನ ಪಕ್ಕ ನೈಲಾನ್ ದಾರದ ಹೆಡ್, ದಪ್ಪ ಕಾಂಡಕ್ಕೆ ಬ್ಲೇಡು. ಬ್ಲೇಡಿನ ಮುಂದಿನ ಬಲ ಮೂಲೆ ಕಲ್ಲಿಗೋ ಬೊಡ್ಡೆಗೋ ತಾಗಿದರೆ ಮೆಷಿನ್ ಥಟ್ಟನೆ ಪಕ್ಕಕ್ಕೆ ಒದೆಯುತ್ತದೆ. ಆದ್ದರಿಂದ ಬಲದಿಂದ ಎಡಕ್ಕೆ ಬೀಸಿ, ಎಡಭಾಗದಲ್ಲೇ ಕತ್ತರಿಸಿ. ಸಿಡಿದ ಕಲ್ಲು ಬಹಳ ದೂರ ಹಾರುತ್ತದೆ, 15 ಮೀಟರ್ ಒಳಗೆ ಯಾರೂ ಇರಬಾರದು. ಮಕ್ಕಳಂತೂ ಮನೆಯೊಳಗೇ ಇರಲಿ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು. ಚಪ್ಪಲಿ, ಲುಂಗಿ, ಇಳಿಬಿಟ್ಟ ಸೆರಗು ಇದ್ದರೆ ಮೆಷಿನ್ ಮುಟ್ಟಲೇಬೇಡಿ.

ಟೂ ಸ್ಟ್ರೋಕ್ ಮೆಷಿನ್ ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಸಾಮಾನ್ಯವಾಗಿ ಲೀಟರಿಗೆ 20ರಿಂದ 25 ಮಿಲಿ, ಆದರೂ ಮೆಷಿನ್ ಜೊತೆ ಬಂದ ಪುಸ್ತಕ ನೋಡಿಯೇ ಹಾಕಿ. ಇಂಜಿನ್ ತಣ್ಣಗಾದ ಮೇಲೆ ಬರೀ ನೆಲದ ಮೇಲೆ ಇಟ್ಟು ತುಂಬಿ. ಬಿಸಿ ಸೈಲೆನ್ಸರ್ ಒಣ ಹುಲ್ಲಿಗೆ ತಾಗಿದರೂ ಕಿಡಿ ಹೊತ್ತುತ್ತದೆ.

ಮೂರು ಗಿಡಗಳಿಗೆ ಮಾತ್ರ ಮೆಷಿನ್ ಉಪಯೋಗಕ್ಕೆ ಬರುವುದಿಲ್ಲ. ಕಾಂಗ್ರೆಸ್ ಹುಲ್ಲನ್ನು ದಾರದಿಂದ ಹೊಡೆದರೆ ಪುಡಿಪುಡಿಯಾಗಿ ಮೈಮೇಲೆ ಬೀಳುತ್ತದೆ. ಕೆಲವರಿಗೆ ತುರಿಕೆ ವರ್ಷಗಟ್ಟಲೆ ಬಿಡುವುದಿಲ್ಲ. ನೆಲ ಹಸಿ ಇದ್ದಾಗ, ಹೂ ಬಿಡುವ ಮೊದಲು, ಕೈಗವಸು ಹಾಕಿಕೊಂಡು ಬೇರು ಸಮೇತ ಕೀಳಿ. ನೆಗ್ಗಿನ ಮುಳ್ಳು ನೆಲಕ್ಕೆ ಅಂಟಿ ಹಬ್ಬುವುದರಿಂದ ಬ್ಲೇಡು ಮೇಲಿಂದಲೇ ಹಾದು ಹೋಗುತ್ತದೆ. ಕಾಯಿ ಬಲಿಯುವ ಮೊದಲು ಕುರಪಿಯಿಂದ ತೆಗೆಯಿರಿ. ಇನ್ನು ಬಳ್ಳಾರಿ ಜಾಲಿ. ಮೇಲೆ ಕತ್ತರಿಸಿದಷ್ಟೂ ಬುಡದಿಂದ ನಾಲ್ಕಾರು ಟಿಸಿಲು ಎದ್ದು ಬರುತ್ತವೆ. ಉಳಿದ ಕೂಳೆ ಬೈಕಿನ ಟೈರನ್ನೂ ಬಿಡುವುದಿಲ್ಲ, ಮಕ್ಕಳ ಪಾದವನ್ನೂ ಬಿಡುವುದಿಲ್ಲ. ಚಿಗುರುವ ಕಣ್ಣು ಮಣ್ಣಿನೊಳಗಿನ ಬುಡದಲ್ಲಿರುತ್ತದೆ. ಗಿಡ ಚಿಕ್ಕದಿದ್ದಾಗಲೇ ಒಂದು ಗೇಣು ಆಳಕ್ಕೆ ಅಗೆದು ಬೇರು ಕಡಿದರೆ ಮಾತ್ರ ಮತ್ತೆ ಬರುವುದಿಲ್ಲ.

ಇಷ್ಟೆಲ್ಲಾ ನೋಡಿಕೊಂಡರೂ ಹಾವು ಕಚ್ಚಿದರೆ? ಕಚ್ಚಿದ ಕಾಲು ಅಲುಗಾಡದಂತೆ ಇಟ್ಟು, ಕಾಲುಂಗುರ, ಗೆಜ್ಜೆ, ಬಳೆ ತೆಗೆದು, 108ಕ್ಕೆ ಫೋನ್ ಮಾಡಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಮಂತ್ರ ಹಾಕಿಸಲು ಹೋಗಿ ಸಮಯ ಕಳೆಯಬೇಡಿ, ಕೈಮುಗಿದು ಹೇಳುತ್ತೇನೆ. ಯಾವ ಹಾವು ಅಂತ ಹುಡುಕುತ್ತಾ ನಿಲ್ಲುವುದೂ ಬೇಡ. ನಮ್ಮಲ್ಲಿ ಸಿಗುವ ವಿಷ ಇಳಿಸುವ ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ನಾಲ್ಕಕ್ಕೂ ಒಂದೇ. ಅದು ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇರುತ್ತದೆ ಅಂತ ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ. ಕೆಂಪು ಚೇಳು ಕುಟುಕಿ ಮಗು ಬೆವರಿದರೆ, ವಾಂತಿ ಮಾಡಿದರೆ, ಕೈಕಾಲು ತಣ್ಣಗಾದರೆ ಅದೂ ಅಷ್ಟೇ ತುರ್ತು. ಇದಕ್ಕೆ ಪ್ರಾಜೋಸಿನ್ ಅನ್ನುವ ಮಾತ್ರೆ ಜೀವ ಉಳಿಸುತ್ತದೆ ಅಂತ ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡ್ ಊರಿನ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್. ಅದನ್ನು ಕೊಡಬೇಕಾದವರು ವೈದ್ಯರೇ.

ನಮ್ಮ ಭಾಗದಲ್ಲಿ ಸೆಪ್ಟೆಂಬರಿನಲ್ಲೇ ಮಳೆ ಜಾಸ್ತಿ. ಅದಕ್ಕೆ ಈಗ ಒಂದು ಸಲ, ಆ ಮಳೆ ಮುಗಿದ ಮೇಲೆ ಬೀಜ ಕಟ್ಟುವ ಮೊದಲು ಇನ್ನೊಂದು ಸಲ ಕತ್ತರಿಸಿ. ಕಟ್ಟಿಗೆ, ಕುಳ್ಳು, ಕಲ್ಲಿನ ರಾಶಿ ಗೋಡೆಯಿಂದ ದೂರ ಇರಲಿ. ಇಲಿ ಸೇರುವುದೇ ಅಲ್ಲಿ, ಇಲಿ ಹಿಂದೆ ಹಾವು. ದನಕ್ಕೆ ಮೇವು ಬೇಕಿದ್ದರೆ ಮೊದಲೇ ಕುಡುಗೋಲಿನಿಂದ ಕೊಯ್ದುಕೊಳ್ಳಿ. ಮೆಷಿನ್ ಹೊಡೆದ ಹುಲ್ಲಿನಲ್ಲಿ ನೈಲಾನ್ ಚೂರು, ಕಣ್ಣುತಪ್ಪಿದ ತಂತಿ ಸೇರಿರುತ್ತದೆ, ಅದು ದನದ ಹೊಟ್ಟೆಗೆ ಹೋಗಬಾರದು. ಆ ಹುಲ್ಲನ್ನು ಮನೆಯಿಂದ ದೂರ ಇರುವ ಗಿಡಗಳ ಬುಡಕ್ಕೆ ತೆಳ್ಳಗೆ ಹರಡಿಬಿಡಿ.