ಹೆತ್ತವರೋ, ಸಾಕಿದವರೋ: ಪೇರೆಂಟ್ ಪ್ರೋಸೆಸ್ ಗುರುತಿಸುವ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಚಾಲನೆಯಲ್ಲಿರುವ ಪ್ರೋಗ್ರಾಮೊಂದು ತನ್ನನ್ನು ಶುರು ಮಾಡಿದ್ದು ಯಾವ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್), ಅಂದರೆ ತನ್ನ ಪೇರೆಂಟ್ ಯಾವುದು ಎಂದು ತಿಳಿದುಕೊಳ್ಳಬೇಕಾದ ಸಂದರ್ಭಗಳು ಹಲವು ಬರುತ್ತವೆ. ಯಾವ ಶೆಲ್‌ನ (ಆದೇಶಗಳನ್ನು ಓದಿ ನಡೆಸುವ ಪ್ರೋಗ್ರಾಮಿನ) ಒಳಗೆ ಓಡುತ್ತಿದ್ದೇನೆ ಎಂಬುದನ್ನು ನೋಡಿಕೊಂಡು ವರ್ತಿಸುವ ಸ್ಕ್ರಿಪ್ಟ್‌ಗಳಿವೆ. ಮುಖ್ಯ ಪ್ರೋಗ್ರಾಮ್ ಸತ್ತರೆ ತಾನೂ ನಿಲ್ಲಬೇಕಾದ ಸಹಾಯಕ ಪ್ರೋಸೆಸ್‌ಗಳಿವೆ. ಪ್ರತಿ ಆಪರೇಟಿಂಗ್ ಸಿಸ್ಟಮ್‌ನಲ್ಲಿಯೂ ಪೇರೆಂಟ್‌ನ ಸಂಖ್ಯೆ, ಅಂದರೆ ಪಿಪಿಐಡಿ, ಸುಲಭವಾಗಿಯೇ ಸಿಗುತ್ತದೆ. ಆದರೆ ಆ ಸಂಖ್ಯೆಯ ಅರ್ಥ ಎಲ್ಲ ಕಡೆಯೂ ಒಂದೇ ಅಲ್ಲ, ಮತ್ತು ಕಲಿಯುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಯೂನಿಕ್ಸ್ ಕುಟುಂಬದ ಸಿಸ್ಟಮ್‌ಗಳು ಈಗ ಸಾಕುತ್ತಿರುವವರು ಯಾರೆಂದು ಹೇಳುತ್ತವೆ. ವಿಂಡೋಸ್ ಹೆತ್ತವರು ಯಾರಾಗಿದ್ದರೆಂದು ಹೇಳುತ್ತದೆ.

ಮೊದಲು ಯೂನಿಕ್ಸ್ ಕಡೆಯದನ್ನು ನೋಡೋಣ. ಇಲ್ಲಿ ಫೋರ್ಕ್ ಎಂಬ ಕರೆಯಿಂದ ಹೊಸ ಪ್ರೋಸೆಸ್ ಹುಟ್ಟುತ್ತದೆ, ಮತ್ತು ಫೋರ್ಕ್ ಮಾಡಿದ ಪ್ರೋಸೆಸ್ಸೇ ಪೇರೆಂಟ್ ಆಗುತ್ತದೆ. ಗೆಟ್‌ಪಿಪಿಐಡಿ ಎಂಬ ಸಿಸ್ಟಮ್ ಕಾಲ್ ಆ ಸಂಖ್ಯೆಯನ್ನು ಕೊಡುತ್ತದೆ. ಅದು ಎಂದೂ ವಿಫಲವಾಗುವುದಿಲ್ಲ. ವಿಫಲವಾಗದಿರುವುದಕ್ಕೆ ಕಾರಣವಿದೆ: ಪೇರೆಂಟ್ ಮುಗಿದುಹೋದ ಕೂಡಲೇ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್ ಆ ಪೇರೆಂಟ್‌ನ ಮಕ್ಕಳನ್ನು (ಚೈಲ್ಡ್ ಪ್ರೋಸೆಸ್‌ಗಳನ್ನು) ಬೇರೊಂದು ಪ್ರೋಸೆಸ್‌ಗೆ ದತ್ತು ಕೊಟ್ಟು, ಪಿಪಿಐಡಿಯನ್ನು ತಾನೇ ತಿದ್ದುತ್ತದೆ. ಇದನ್ನು ಲಿನಕ್ಸ್ ಟರ್ಮಿನಲ್‌ನಲ್ಲಿ ಎರಡೇ ನಿಮಿಷದಲ್ಲಿ ಕಣ್ಣಾರೆ ನೋಡಬಹುದು. ಇರುವ ಶೆಲ್‌ನ ಒಳಗೆ ಇನ್ನೊಂದು ಬ್ಯಾಶ್ ಶೆಲ್ ಶುರು ಮಾಡಿ, ಅದರಿಂದ 600 ಸೆಕೆಂಡು ಸುಮ್ಮನೆ ಕಾಯುವ ಸ್ಲೀಪ್ ಆದೇಶವನ್ನು ಹಿನ್ನೆಲೆಗೆ ಕಳುಹಿಸಿ. ಒಳಗಿನ ಬ್ಯಾಶ್‌ನ ಸಂಖ್ಯೆ 4188, ಸ್ಲೀಪ್‌ನ ಸಂಖ್ಯೆ 4203 ಎಂದಿಟ್ಟುಕೊಳ್ಳೋಣ. ಪ್ರೋಸೆಸ್‌ಗಳನ್ನು ಪಟ್ಟಿ ಮಾಡುವ ಪಿಎಸ್ ಆದೇಶದಲ್ಲಿ 4203ರ ಪೇರೆಂಟ್ ಯಾರೆಂದು ಕೇಳಿದರೆ 4188 ಎಂದು ಬರುತ್ತದೆ. ಈಗ ಒಳಗಿನ ಬ್ಯಾಶ್‌ನಿಂದ ಎಕ್ಸಿಟ್ ಮಾಡಿ ಅದನ್ನೇ ಮತ್ತೆ ಕೇಳಿದರೆ, 4188 ಮಾಯವಾಗಿ ಬೇರೆ ಸಂಖ್ಯೆ ಕಾಣಿಸುತ್ತದೆ, ಮತ್ತು ಹಳೆಯ ಪೇರೆಂಟ್‌ನ ಗುರುತು ಅಲ್ಲಿ ಎಲ್ಲಿಯೂ ಉಳಿದಿರುವುದಿಲ್ಲ.

ಆ ಹೊಸ ಸಂಖ್ಯೆ 1 ಆಗಿರಬೇಕು ಎಂಬುದು ಹಳೆಯ ಪಾಠ, ಏಕೆಂದರೆ ಅನಾಥ ಪ್ರೋಸೆಸ್‌ಗಳನ್ನು 1ನೇ ಪ್ರೋಸೆಸ್ ಆದ ಇನಿಟ್ ನೋಡಿಕೊಳ್ಳುತ್ತಿತ್ತು. ಆದರೆ 2012ರಲ್ಲಿ ಬಂದ ಲಿನಕ್ಸ್ 3.4ರಿಂದ ಯಾವ ಪ್ರೋಸೆಸ್ ಬೇಕಾದರೂ ತನ್ನನ್ನು ಸಬ್‌ರೀಪರ್ ಎಂದು ಘೋಷಿಸಿಕೊಂಡು, ತನ್ನ ವಂಶದಲ್ಲಿ ಅನಾಥವಾದವುಗಳನ್ನು ತಾನೇ ದತ್ತು ತೆಗೆದುಕೊಳ್ಳಬಹುದು. ಇನಿಟ್‌ನ ಕೆಲಸಕ್ಕೆ ಸಿಸ್ಟಮ್‌ಡಿ ಬಳಸುವ ಡೆಸ್ಕ್‌ಟಾಪ್‌ಗಳಲ್ಲಿ ಪ್ರತಿ ಬಳಕೆದಾರರ ಪರವಾಗಿ ಓಡುವ ಸಿಸ್ಟಮ್‌ಡಿ ಹೀಗೆಯೇ ಮಾಡುತ್ತದೆ. ಪಿಪಿಐಡಿ 1 ಆದಾಗ ನಿಲ್ಲಬೇಕೆಂದು ನಾನು ಬರೆದಿದ್ದ ಸಹಾಯಕ ಪ್ರೋಗ್ರಾಮೊಂದು ಸರ್ವರ್‌ನಲ್ಲಿ ಸರಿಯಾಗಿ ನಿಲ್ಲುತ್ತಿತ್ತು, ನನ್ನ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಮುಖ್ಯ ಪ್ರೋಗ್ರಾಮ್ ಸತ್ತ ಮೇಲೂ ದಿನಗಟ್ಟಲೆ ಓಡುತ್ತಲೇ ಇತ್ತು. ಕಾರಣ ಹುಡುಕಲು ಒಂದು ಇಡೀ ಸಂಜೆ ಹೋಯಿತು. ಶುರುವಿನಲ್ಲಿಯೇ ಪಿಪಿಐಡಿಯನ್ನು ಓದಿಟ್ಟುಕೊಂಡು, ಅದು ಬದಲಾಗಿದೆಯೇ ಎಂದು ಪರೀಕ್ಷಿಸುವುದು ಸರಿಯಾದ ಕ್ರಮ. ಪ್ರೋಗ್ರಾಮ್‌ಗಳನ್ನು ಬೇರ್ಪಡಿಸಿ ಓಡಿಸುವ ಕಂಟೇನರ್‌ಗಳಲ್ಲಿ ಇನ್ನೊಂದು ವಿಚಿತ್ರವಿದೆ: ಪೇರೆಂಟ್ ಬೇರೆ ಪಿಐಡಿ ನೇಮ್‌ಸ್ಪೇಸ್‌ನಲ್ಲಿದ್ದರೆ (ಪ್ರೋಸೆಸ್ ಸಂಖ್ಯೆಗಳ ಬೇರೆಯದೇ ಗುಂಪಿನಲ್ಲಿದ್ದರೆ) ಗೆಟ್‌ಪಿಪಿಐಡಿ 0 ಎಂದು ಉತ್ತರಿಸುತ್ತದೆ.

ಸಂಖ್ಯೆಯಿಂದ ಹೆಸರಿಗೆ ಹೋಗಲು ಲಿನಕ್ಸ್‌ನಲ್ಲಿ ಪ್ರಾಕ್ ಎಂಬ ಫೈಲ್ ಸಿಸ್ಟಮ್ ಇದೆ. ಪ್ರತಿ ಪ್ರೋಸೆಸ್‌ಗೂ ಅಲ್ಲಿ ತನ್ನ ಸಂಖ್ಯೆಯದೇ ಒಂದು ಡೈರೆಕ್ಟರಿ ಇರುತ್ತದೆ. ಅದರೊಳಗಿನ ಸ್ಟ್ಯಾಟ್ ಫೈಲಿನ ನಾಲ್ಕನೆಯ ಅಂಶವೇ ಪಿಪಿಐಡಿ ಎಂದು ಕೈಪಿಡಿ ಹೇಳುವುದನ್ನು ನಂಬಿ, ಆ ಸಾಲನ್ನು ಖಾಲಿ ಜಾಗಗಳಲ್ಲಿ ತುಂಡರಿಸುವವರು ಬಹಳ. ಎರಡನೆಯ ಅಂಶ ಪ್ರೋಗ್ರಾಮಿನ ಹೆಸರು. ಅದು ಆವರಣ ಚಿಹ್ನೆಗಳ ನಡುವೆ ಇರುತ್ತದೆ, ಮತ್ತು ಆ ಹೆಸರಿನಲ್ಲಿಯೇ ಖಾಲಿ ಜಾಗ ಇರಬಹುದು. ‘4203 (ಬ್ಯಾಕಪ್ ಜಾಬ್) ಎಸ್ 4188’ ಎಂಬಂತಹ ಸಾಲನ್ನು ತುಂಡರಿಸಿದರೆ ನಾಲ್ಕನೆಯ ತುಂಡಾಗಿ ಸಿಗುವುದು ನಿದ್ರಾಸ್ಥಿತಿಯನ್ನು ಸೂಚಿಸುವ ‘ಎಸ್’, ಪಿಪಿಐಡಿ ಅಲ್ಲ. ಹೆಸರಿನೊಳಗೆ ಮುಚ್ಚುವ ಆವರಣವೂ ಬರಬಹುದಾದ್ದರಿಂದ, ಸಾಲಿನ ಕಟ್ಟಕಡೆಯ ಮುಚ್ಚುವ ಆವರಣವನ್ನು ಹುಡುಕಿ ಅಲ್ಲಿಂದ ಮುಂದಕ್ಕೆ ಎಣಿಸಬೇಕು. ಇಷ್ಟೆಲ್ಲ ಬೇಡವೆಂದರೆ ಪಕ್ಕದ ಸ್ಟೇಟಸ್ ಫೈಲಿನಲ್ಲಿ ಪಿಪಿಐಡಿಗೆಂದೇ ಒಂದು ಪ್ರತ್ಯೇಕ ಸಾಲಿದೆ. ಸ್ಟ್ಯಾಟ್‌ನಲ್ಲಿ ಕಾಣುವ ಹೆಸರು 15 ಬೈಟ್‌ಗಳಿಗೆ ಮೊಟಕಾಗಿರುವುದರಿಂದ, ಪ್ರೋಗ್ರಾಮ್ ಫೈಲಿನ ಪೂರ್ಣ ದಾರಿ ಬೇಕಿದ್ದರೆ ಅದೇ ಡೈರೆಕ್ಟರಿಯ ಎಕ್ಸಿ ಎಂಬ ಸಿಂಬಾಲಿಕ್ ಲಿಂಕನ್ನು (ಆ ಫೈಲಿನತ್ತ ಬೆರಳು ತೋರಿಸುವ ಕೊಂಡಿಯನ್ನು) ಓದಬೇಕಾಗುತ್ತದೆ.

ಮ್ಯಾಕ್‌ಒಎಸ್‌ನಲ್ಲಿ ಪ್ರಾಕ್ ಇಲ್ಲ. ಸಿಸ್‌ಕಂಟ್ರೋಲ್ ಕರೆಯ ಮೂಲಕವೋ ಲಿಬ್‌ಪ್ರಾಕ್ ಲೈಬ್ರರಿಯ ಮೂಲಕವೋ ಕರ್ನೆಲ್ಲನ್ನೇ ಕೇಳಬೇಕು. ಸಂಖ್ಯೆ ಮಾತ್ರ ಸಾಕಾದರೆ ಗೆಟ್‌ಪಿಪಿಐಡಿಯೂ ಪಿಎಸ್ ಆದೇಶವೂ ಇಲ್ಲಿ ಇದ್ದೇ ಇವೆ. ನೆನಪಿಡಬೇಕಾದ ವ್ಯತ್ಯಾಸ ಒಂದೇ: ಡಾಕ್‌ನಲ್ಲಿ ಐಕಾನ್ ಒತ್ತಿ ತೆರೆದ ಅಪ್ಲಿಕೇಶನ್‌ಗಳಿಗೆ ಮೊದಲಿನಿಂದಲೇ 1ನೇ ಪ್ರೋಸೆಸ್ ಆದ ಲಾಂಚ್‌ಡಿ ಪೇರೆಂಟ್ ಆಗಿರುತ್ತದೆ. ಆದ್ದರಿಂದ ಇಲ್ಲಿ 1 ಎಂಬುದು ಅನಾಥತನದ ಲಕ್ಷಣವಲ್ಲ.

ವಿಂಡೋಸ್‌ನ ದಾರಿಯೇ ಬೇರೆ. ಪ್ರೋಸೆಸ್ ಹುಟ್ಟುವಾಗ ಪೇರೆಂಟ್‌ನ ಸಂಖ್ಯೆಯನ್ನು ಅದರ ದಾಖಲೆಯಲ್ಲಿ ಒಮ್ಮೆ ಬರೆದಿಡಲಾಗುತ್ತದೆ, ಆಮೇಲೆ ಅದನ್ನು ಯಾರೂ ತಿದ್ದುವುದಿಲ್ಲ. ದತ್ತು ಎಂಬ ಕಲ್ಪನೆಯೇ ಇಲ್ಲಿಲ್ಲ. ಟೂಲ್‌ಹೆಲ್ಪ್ ಸ್ನ್ಯಾಪ್‌ಶಾಟ್ (ಆ ಗಳಿಗೆಯ ಪ್ರೋಸೆಸ್‌ಗಳ ಚಿತ್ರಣ) ತೆಗೆದು, ಪ್ರೋಸೆಸ್‌ಗಳ ಪಟ್ಟಿಯನ್ನು ಒಂದೊಂದಾಗಿ ನೋಡುತ್ತಾ ನಮ್ಮ ಸಂಖ್ಯೆ ಸಿಕ್ಕಾಗ ಪೇರೆಂಟ್‌ನ ಸಂಖ್ಯೆಯನ್ನು ಓದಿಕೊಳ್ಳುವುದು ಸಾಂಪ್ರದಾಯಿಕ ವಿಧಾನ. ಪವರ್‌ಶೆಲ್‌ನಿಂದ, ಸಿಸ್ಟಮ್‌ನ ಮಾಹಿತಿ ಕೊಡುವ ಡಬ್ಲ್ಯುಎಂಐ ಸೇವೆಯ ಮೂಲಕವೂ ಇದೇ ಮಾಹಿತಿ ಸಿಗುತ್ತದೆ. ಹೀಗೆ ಸಿಕ್ಕ ಸಂಖ್ಯೆಗೆ ಈಗ ಯಾವ ಪ್ರೋಸೆಸ್ಸೂ ಇಲ್ಲದಿರಬಹುದು. ಡೆಸ್ಕ್‌ಟಾಪನ್ನು ತೋರಿಸುವ ಎಕ್ಸ್‌ಪ್ಲೋರರ್‌ನ ಪೇರೆಂಟ್ ಹುಡುಕಿದರೆ ಸಾಮಾನ್ಯವಾಗಿ ಯಾರೂ ಸಿಗದಿರುವುದು ಇದೇ ಕಾರಣಕ್ಕೆ, ಏಕೆಂದರೆ ಅದನ್ನು ಶುರು ಮಾಡುವ ಯೂಸರ್‌ಇನಿಟ್ ತನ್ನ ಕೆಲಸ ಮುಗಿಸಿ ಹೊರಟುಹೋಗಿರುತ್ತದೆ.

ಯಾರೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು ಬೇರೆ ಯಾರೋ ಇರುವುದು. ಮುಗಿದ ಪ್ರೋಸೆಸ್‌ನ ಸಂಖ್ಯೆಯನ್ನು ವಿಂಡೋಸ್ ಹೊಸ ಪ್ರೋಸೆಸ್‌ಗೆ ಕೊಡುತ್ತದೆ. ಆಗ ಸಂಬಂಧವೇ ಇಲ್ಲದ ಪ್ರೋಗ್ರಾಮೊಂದು ಪೇರೆಂಟ್‌ನಂತೆ ಕಾಣಿಸಿಕೊಳ್ಳುತ್ತದೆ. ಎರಡರ ಹುಟ್ಟಿದ ಸಮಯವನ್ನೂ ಹೋಲಿಸುವುದು ಇದಕ್ಕೆ ಪರಿಹಾರ. ಪೇರೆಂಟ್ ಎನಿಸಿಕೊಂಡದ್ದು ಚೈಲ್ಡ್‌ಗಿಂತ ತಡವಾಗಿ ಹುಟ್ಟಿದ್ದರೆ ಅದು ಪೇರೆಂಟ್ ಆಗಿರಲು ಸಾಧ್ಯವಿಲ್ಲ. ಮೊದಲೇ ಹುಟ್ಟಿ ಈಗಲೂ ಬದುಕಿದ್ದರೆ, ಚೈಲ್ಡ್ ಹುಟ್ಟಿದ ಗಳಿಗೆಯಲ್ಲಿ ಆ ಸಂಖ್ಯೆ ಅದರ ಬಳಿಯೇ ಇತ್ತು ಎಂದಾಯಿತು, ಆದ್ದರಿಂದ ದಾಖಲೆ ಹೇಳುತ್ತಿರುವುದು ಅದನ್ನೇ. ಪೈಥಾನ್‌ಗಿರುವ ಪಿಎಸ್‌ಯುಟಿಲ್ ಎಂಬ ಲೈಬ್ರರಿ ಪೇರೆಂಟನ್ನು ಹುಡುಕಿಕೊಡುವಾಗ ಈ ಹೋಲಿಕೆಯನ್ನು ತಾನೇ ಮಾಡುತ್ತದೆ, ಪೈಥಾನ್‌ನ ಸ್ವಂತ ಗೆಟ್‌ಪಿಪಿಐಡಿ ಮಾಡುವುದಿಲ್ಲ. ಆದರೂ ಒಂದು ಎಚ್ಚರಿಕೆ ಅಗತ್ಯ: ವಿಂಡೋಸ್ ವಿಸ್ಟಾದಿಂದ ಈಚೆಗೆ, ಸೂಕ್ತ ಅನುಮತಿಯಿರುವ ಪ್ರೋಗ್ರಾಮ್ ತಾನು ಹುಟ್ಟಿಸುವ ಪ್ರೋಸೆಸ್‌ಗೆ ಬೇರೊಂದನ್ನು ಪೇರೆಂಟ್ ಎಂದು ತೋರಿಸಬಹುದು. ದುರುದ್ದೇಶದ ಪ್ರೋಗ್ರಾಮ್‌ಗಳು ಇದನ್ನು ಬಳಸಿಕೊಳ್ಳುವುದರಿಂದ, ಭದ್ರತೆಯ ನಿರ್ಧಾರವನ್ನು ಪೇರೆಂಟ್‌ನ ಹೆಸರಿನ ಮೇಲೆ ನಿಲ್ಲಿಸಬಾರದು.

ಪೇರೆಂಟ್ ಬದುಕಿದೆಯೇ ಎಂಬುದಷ್ಟೇ ಪ್ರಶ್ನೆಯಾಗಿದ್ದರೆ ಸಂಖ್ಯೆಗಳ ಹಿಂದೆ ಹೋಗದಿರುವುದೇ ಮೇಲೆಂದು ನನ್ನ ಅಭಿಪ್ರಾಯ. ಮುಖ್ಯ ಪ್ರೋಗ್ರಾಮ್ ಒಂದು ಪೈಪ್ (ಎರಡು ಪ್ರೋಸೆಸ್‌ಗಳ ನಡುವೆ ಮಾಹಿತಿ ಸಾಗಿಸುವ ಕೊಳವೆ) ತೆರೆದು, ಬರೆಯುವ ತುದಿಯನ್ನು ತಾನಿಟ್ಟುಕೊಂಡು, ಓದುವ ತುದಿಯನ್ನು ಚೈಲ್ಡ್‌ಗೆ ಕೊಟ್ಟರೆ, ಮುಖ್ಯ ಪ್ರೋಗ್ರಾಮ್ ಹೇಗೆ ಸತ್ತರೂ ಆಪರೇಟಿಂಗ್ ಸಿಸ್ಟಮ್ ಆ ತುದಿಯನ್ನು ಮುಚ್ಚುತ್ತದೆ, ಮತ್ತು ಓದಲು ಕಾದು ಕುಳಿತ ಚೈಲ್ಡ್‌ಗೆ ಪೈಪ್ ಮುಗಿಯಿತೆಂಬ ಸೂಚನೆ ಸಿಗುತ್ತದೆ. ಲಿನಕ್ಸ್, ಮ್ಯಾಕ್‌ಒಎಸ್, ವಿಂಡೋಸ್ ಮೂರರಲ್ಲಿಯೂ ಇದು ನಡೆಯುತ್ತದೆ. ಬರೆಯುವ ತುದಿಯ ಒಂದು ನಕಲು ಚೈಲ್ಡ್‌ನ ಕೈಯಲ್ಲಿಯೇ ಉಳಿದುಬಿಟ್ಟರೆ ಮಾತ್ರ ಆ ಸೂಚನೆ ಎಂದಿಗೂ ಬರುವುದಿಲ್ಲ, ಆದ್ದರಿಂದ ಫೋರ್ಕ್ ಆದ ಕೂಡಲೇ ಚೈಲ್ಡ್ ಅದನ್ನು ಮುಚ್ಚಬೇಕು.