ಆಕಾಶವಾಣಿ ಅನ್ನೋ ಹೆಸರು ಮೈಸೂರಿನದಾ?

ಪ್ರಶ್ನೆ: ರೇಡಿಯೋಗೆ ಆಕಾಶವಾಣಿ ಅನ್ನೋ ಹೆಸರು ಬಂದಿದ್ದು ಮೈಸೂರಿನ ಒಂದು ಮನೆಯಿಂದಂತೆ. ನಿಜಾನಾ?

ನಿಜ. ಪದವೇನೋ ಹಳೆಯದು. ತಂಗಿಯ ಮದುವೆ ಮೆರವಣಿಗೆಯಲ್ಲಿ ರಥ ಹೊಡೀತಿದ್ದ ಕಂಸನಿಗೆ ಕೇಳಿಸಿದ್ದೂ ಆಕಾಶವಾಣಿಯೇ. ಹರಿಕಥೆ ಕೇಳಿದವರಿಗೆಲ್ಲ ಗೊತ್ತು. ಆದರೆ ಅದನ್ನು ರೇಡಿಯೋ ಸ್ಟೇಷನ್ನಿಗೆ ಇಟ್ಟಿದ್ದು ಮೈಸೂರು ಸಂಸ್ಥಾನದಲ್ಲಿ.

ಎಂ.ವಿ. ಗೋಪಾಲಸ್ವಾಮಿ ಅಂತ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಮೇಷ್ಟ್ರು. ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ 1935ರ ಸೆಪ್ಟೆಂಬರ್ 10ರಂದು ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರ್ ಎಷ್ಟು ದೊಡ್ಡದು ಅಂತೀರಾ? 30 ವ್ಯಾಟ್. ನಮ್ಮ ಬಚ್ಚಲುಮನೆಯಲ್ಲಿ ಉರೀತಿದ್ದ ಹಳೇ ಬಲ್ಬೇ 40 ವ್ಯಾಟ್! ಆದರೂ ಕೇಳಿಸ್ತಿತ್ತು. ಆಗ ಸ್ಟೇಷನ್‌ಗಳೇ ಬೆರಳೆಣಿಕೆಯಷ್ಟು, ಒಂದರ ಮೇಲೊಂದು ಬಿದ್ದು ಗದ್ದಲ ಮಾಡೋದು ಕಡಿಮೆ. ಆಮೇಲೆ 250 ವ್ಯಾಟ್‌ನದು ಬಂತು.

ಇನ್ನೊಂದು ಮಜಾ ನೋಡಿ. ಆ ಹೊತ್ತಿಗೆ ದೆಹಲಿ ಸ್ಟೇಷನ್ನೇ ಶುರುವಾಗಿರಲಿಲ್ಲ. ಅದು ಬಾಯಿ ಬಿಟ್ಟಿದ್ದು 1936ರ ಜನವರಿ 1ಕ್ಕೆ. ‘ಆಲ್ ಇಂಡಿಯಾ ರೇಡಿಯೋ’ ಅನ್ನೋ ಹೆಸರು ಬಂದಿದ್ದು ಅದೇ ವರ್ಷ ಜೂನ್‌ನಲ್ಲಿ.

ಹೆಸರು ಸೂಚಿಸಿದವರು ಯಾರು? ಸ್ಟೇಷನ್ ಕೆಲಸದಲ್ಲಿ ಜೊತೆಗಿದ್ದ ಹಾಸ್ಯ ಸಾಹಿತಿ ನಾ. ಕಸ್ತೂರಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಪದಗಳ ಜೊತೆ ಆಟ ಆಡೋದು ಅವರಿಗೆ ನೀರು ಕುಡಿದಷ್ಟು ಸಲೀಸು, ಹಾಗಾಗಿ ನಂಬೋದು ಕಷ್ಟವೇನಲ್ಲ.

ಒಂದು ಮಾತು ಮಾತ್ರ ನಾನು ಒಪ್ಪಲ್ಲ. ‘ಭಾರತದ ಮೊದಲ ಖಾಸಗಿ ರೇಡಿಯೋ’ ಅಂತ ಇದನ್ನು ಹೊಗಳೋದುಂಟು. ಮದರಾಸಿನ ರೇಡಿಯೋ ಕ್ಲಬ್ಬಿನವರು 1924ರಲ್ಲೇ ಪ್ರಸಾರ ಮಾಡಿದ್ದರಲ್ಲ! ನಮ್ಮೂರಿನ ಹೆಮ್ಮೆಗೆ ಇದ್ದದ್ದೇ ಸಾಕು, ಸುಮ್ನೆ ಜಾಸ್ತಿ ಸೇರಿಸೋದು ಬೇಡ.

ಮನೆಯಲ್ಲಿ ಸ್ಟೇಷನ್ ಸಾಕೋದು ಆನೆ ಸಾಕಿದ ಹಾಗೆ. 1942ರಲ್ಲಿ ಸಂಸ್ಥಾನದ ಸರ್ಕಾರವೇ ವಹಿಸಿಕೊಂಡಿತು. ಹೈದರಾಬಾದ್, ತಿರುವಾಂಕೂರು, ಬರೋಡಾದಂಥ ಸಂಸ್ಥಾನಗಳಲ್ಲೂ ಸ್ವಂತ ಸ್ಟೇಷನ್‌ಗಳಿದ್ದವು. 1950ರಲ್ಲಿ ಮೈಸೂರಿನದು ಆಲ್ ಇಂಡಿಯಾ ರೇಡಿಯೋಗೆ ಸೇರಿತು, 1955ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಹೋಯಿತು. ಅದೇ ದಶಕದಲ್ಲಿ ಇಡೀ ದೇಶದ ರೇಡಿಯೋಗೆ ‘ಆಕಾಶವಾಣಿ’ ಅನ್ನೋ ಹೆಸರು ಬಂತು.

ಮೈಸೂರಿಗೆ ಮತ್ತೆ ಸ್ಟೇಷನ್ ಬಂದಿದೆ, ಯಾದವಗಿರಿಯಲ್ಲಿ. ಮೇಷ್ಟ್ರ ಮನೆಯಿಂದ ಅಲ್ಲಿಗೆ ಬರೀ ಇನ್ನೂರು ಗಜ.