ಕಡಲ ಮರಳಲ್ಲಿ ಉಂಗುರ ಕಳೆದರೆ: ಮೆಷಿನ್‌ಗಿಂತ ಮೊದಲು ಮಾತು

ಮೆಟಲ್ ಡಿಟೆಕ್ಟರ್, ಅಂದರೆ ನೆಲದೊಳಗಿನ ಲೋಹ ಹಿಡಿಯುವ ಮೆಷಿನ್, ತಗೊಂಡು ಕಳೆದ ಆಭರಣ ಹುಡುಕಿಕೊಡುವುದು ನನ್ನ ಕೆಲಸ. ಮದುವೆ ಉಂಗುರ ಕಳೆದುಕೊಂಡವರು ಫೋನ್ ಮಾಡಿದಾಗ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, "ನಿಮ್ಮ ಮೆಷಿನ್ ಎಷ್ಟು ಆಳದವರೆಗೆ ಹಿಡಿಯುತ್ತೆ?" ನಾನು ತಿರುಗಿ ಕೇಳುವುದು ಬೇರೆಯೇ. "ಉಂಗುರ ಕೈಯಲ್ಲಿ ಇದ್ದದ್ದನ್ನು ಕೊನೆಯ ಸಲ ನೋಡಿದ್ದು ಯಾವಾಗ? ಇಲ್ಲ ಅಂತ ಗೊತ್ತಾಗಿದ್ದು ಯಾವಾಗ?" ಈ ಎರಡು ಗಳಿಗೆಗಳ ನಡುವೆ ನೀವು ಎಲ್ಲೆಲ್ಲಿ ಓಡಾಡಿದಿರೋ ಅಲ್ಲೇ ಎಲ್ಲೋ ಉಂಗುರ ಇದೆ. ಆ ಜಾಗವನ್ನು ಎಷ್ಟು ಚಿಕ್ಕದು ಮಾಡುತ್ತೇವೋ ಉಂಗುರ ಅಷ್ಟು ಹತ್ತಿರ ಬರುತ್ತದೆ.

ಇದನ್ನು ಲೆಕ್ಕ ಹಾಕಿ ನೋಡಿ. ಮಲ್ಪೆಯ ಬೀಚಿನಲ್ಲಿ ನೂರು ಮೀಟರ್ ಉದ್ದ, ಐವತ್ತು ಮೀಟರ್ ಅಗಲದ ಜಾಗ ಅಂದುಕೊಳ್ಳಿ. ನನ್ನ ಡಿಟೆಕ್ಟರಿನ ಕಾಯಿಲ್ (ನೆಲದ ಮೇಲೆ ಬೀಸುವ ತಟ್ಟೆ) 11 ಇಂಚು, ಅಂದರೆ ಸುಮಾರು 28 ಸೆಂಟಿಮೀಟರ್. ಏನೂ ಬಿಟ್ಟುಹೋಗಬಾರದು ಅಂದರೆ ಒಂದು ಬೀಸಿನ ಮೇಲೆ ಇನ್ನೊಂದು ಬೀಸು ಅರ್ಧದಷ್ಟು ಬೀಳಬೇಕು. ಒಂದೂವರೆ ಮೀಟರ್ ಅಗಲಕ್ಕೆ ಬೀಸುತ್ತಾ, ಪ್ರತಿ ಬೀಸಿಗೆ 14 ಸೆಂಟಿಮೀಟರ್ ಮುಂದೆ ಹೋದರೆ ಆ ಜಾಗ ಮುಗಿಸಲು ಹೆಚ್ಚುಕಡಿಮೆ ಹತ್ತು ಗಂಟೆ ಬೇಕು. ಅದೂ ಒಂದು ಕಡೆಯೂ ನಿಂತು ಅಗೆಯದಿದ್ದರೆ. ಅದೇ ಹತ್ತಕ್ಕೆ ಹತ್ತು ಮೀಟರ್ ಜಾಗ ಕಾಲು ಗಂಟೆಯ ಕೆಲಸ. ಹತ್ತು ಗಂಟೆಯನ್ನು ಕಾಲು ಗಂಟೆ ಮಾಡುವುದು ಯಾವ ದುಬಾರಿ ಮೆಷಿನ್ನೂ ಅಲ್ಲ. ಕೂತು ಮಾತಾಡಿಸುವುದು, ಅಷ್ಟೇ.

ಮಾತಾಡಿಸುವಾಗ ಎಲ್ಲಕ್ಕಿಂತ ಜಾಸ್ತಿ ಸಹಾಯಕ್ಕೆ ಬರುವುದು ಅವರ ಮೊಬೈಲು. ಬೀಚಿಗೆ ಹೋದವರು ಫೋಟೋ ತೆಗೆಯದೇ ಬರುತ್ತಾರಾ? ಪ್ರತಿ ಫೋಟೋದಲ್ಲೂ ಸಮಯ ಇರುತ್ತದೆ. ಮುಖ ಬಿಟ್ಟು ಕೈ ನೋಡಬೇಕು. ಒಮ್ಮೆ ಒಬ್ಬರು, "ನೀರಲ್ಲೇ ಹೋದದ್ದು ಮಾರಾಯ್ರೇ, ದೊಡ್ಡ ಅಲೆ ಬಂದು ಎಳೆಯಿತು" ಎಂದು ಗಟ್ಟಿಯಾಗಿ ಹೇಳಿದರು. ಹೆಂಡತಿಯ ಮೊಬೈಲಿನಲ್ಲಿ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆವು. 4:50ಕ್ಕೆ ಬೊಂಡ ಕುಡಿಯುವಾಗ ಬೆರಳಲ್ಲಿ ಉಂಗುರ ಇದೆ. 5:25ಕ್ಕೆ ನೀರಿಗೆ ಇಳಿಯುವ ಮುಂಚಿನ ಸೆಲ್ಫಿಯಲ್ಲಿ ಬೆರಳು ಖಾಲಿ. ಅಂದರೆ ಅಲೆಗೂ ಉಂಗುರಕ್ಕೂ ಸಂಬಂಧವೇ ಇಲ್ಲ. "ನಡುವೆ ಎಂತ ಮಾಡಿದ್ರಿ?" ಅಂತ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಮಗಳ ಕಾಲನ್ನು ಮರಳಲ್ಲಿ ಹೂತು ಆಟ ಆಡಿಸಿದ್ದರು. ಆ ಗುಪ್ಪೆಯನ್ನು ಯಾರೋ ತುಳಿದು ಸಮ ಮಾಡಿಬಿಟ್ಟಿದ್ದರು. ಆದರೆ ಹಿಂದಿನ ಲೈಫ್‌ಗಾರ್ಡ್ ಕಟ್ಟೆ ಫೋಟೋದಲ್ಲಿ ಇತ್ತು. ಅದನ್ನೇ ಗುರುತು ಇಟ್ಟುಕೊಂಡು ನಿಂತೆವು. ಒಂದು ಗೇಣು ಆಳದಲ್ಲಿ ಉಂಗುರ ಸಿಕ್ಕಿತು.

ಒದ್ದೆ ಮರಳನ್ನು ಎರಡೂ ಕೈಯಲ್ಲಿ ತಳ್ಳುವಾಗ ಮರಳೇ ಉಂಗುರವನ್ನು ಬೆರಳಿನಿಂದ ಎಳೆದು ಹಾಕುತ್ತದೆ. ಜನ ಸಮುದ್ರವನ್ನು ದೂರುತ್ತಾರೆ. ನಾನು ಮೊದಲು ನೋಡುವುದು ಬಟ್ಟೆ ಕೊಡವಿದ ಜಾಗ, ಚೆಂಡು ಎಸೆದ ಜಾಗ, ಸನ್‌ಸ್ಕ್ರೀನ್ ಹಚ್ಚಲು ಉಂಗುರ ಬಿಚ್ಚಿ ಟವೆಲ್ ಮೇಲೆ ಇಟ್ಟ ಜಾಗ.

ಇನ್ನು ಮೆಷಿನ್ ವಿಷಯ. ಕಾಯಿಲ್‌ನಲ್ಲಿ ಬದಲಾಗುತ್ತಲೇ ಇರುವ ಕರೆಂಟ್ ಹರಿಯುತ್ತದೆ. ಅದರಿಂದ ನೆಲದೊಳಗೆ ಬದಲಾಗುವ ಕಾಂತಕ್ಷೇತ್ರ ಹೋಗುತ್ತದೆ. ಅಲ್ಲಿ ಲೋಹ ಇದ್ದರೆ ಅದರೊಳಗೆ ಸಣ್ಣ ಕರೆಂಟು ಸುಳಿಯಾಗಿ ಸುತ್ತುತ್ತದೆ. ಆ ಸುಳಿಯಿಂದ ಹುಟ್ಟುವ ಪುಟ್ಟ ಕಾಂತಕ್ಷೇತ್ರವನ್ನು ಮೆಷಿನ್ ವಾಪಸ್ ಹಿಡಿದು ಸದ್ದು ಮಾಡುತ್ತದೆ. ಇದಕ್ಕೆ ಉಂಗುರದ ಆಕಾರ ಹೇಳಿ ಮಾಡಿಸಿದ ಹಾಗಿದೆ. ಕರೆಂಟು ಸುತ್ತ ಒಂದು ರೌಂಡ್ ಹೊಡೆಯಲು ದಾರಿ ಪೂರ್ತಿ ಇದೆ.

ಅದೇ ಉಂಗುರ ಎಲ್ಲೋ ಒಂದು ಕಡೆ ಬಿರುಕು ಬಿಟ್ಟಿದ್ದರೆ ಕಥೆ ಬೇರೆ. ಸುತ್ತು ಕಡಿದುಹೋಗುತ್ತದೆ, ಸದ್ದು ಕುಗ್ಗುತ್ತದೆ. ಹಾಗಾಗಿ ನಮ್ಮ ಹೆಂಗಸರ ಕಾಲುಂಗುರ ಹುಡುಕುವುದು ಕೈಯುಂಗುರಕ್ಕಿಂತ ಕಷ್ಟ. ಬೆಳ್ಳಿ ಒಳ್ಳೆಯ ವಾಹಕವೇ. ಆದರೆ ಬೆರಳಿಗೆ ತಕ್ಕಂತೆ ಹಿಗ್ಗಿಸಲು ಬರಲಿ ಅಂತ ಕಾಲುಂಗುರದ ತಳದಲ್ಲಿ ಬಾಯಿ ಬಿಟ್ಟಿರುತ್ತಾರಲ್ಲ, ಅದೇ ತೊಂದರೆ. ಕರಿಮಣಿ ಸರ ಇನ್ನೂ ಕಷ್ಟ. ಮಣಿಗೆ ಮೆಷಿನ್ನಿನಲ್ಲಿ ಸದ್ದೇ ಇಲ್ಲ. ನಡುವಿನ ಚಿನ್ನದ ಕೊಂಡಿಗಳು ಒಂದೊಂದೂ ಅಕ್ಕಿಕಾಳಿನಷ್ಟು. ಮೆಷಿನ್ನು ಅವನ್ನು ಒಂದು ಸರ ಅಂತ ನೋಡುವುದಿಲ್ಲ, ಬೇರೆ ಬೇರೆ ಚೂರು ಅಂತಲೇ ನೋಡುತ್ತದೆ. ಅದಕ್ಕೇ ಕರಿಮಣಿ ಹುಡುಕುವಾಗ ನಾನು ತಾಳಿ ಅಥವಾ ಕೊಕ್ಕೆಯ ಸದ್ದಿಗೆ ಕಿವಿ ಕೊಡುತ್ತೇನೆ. ಎರಡು ಪವನಿನ ಸರ ಅಂದ ಕೂಡಲೇ ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸದ್ದಿನ ಜೊತೆಗೆ ಮೆಷಿನ್ನಿನ ಪರದೆಯ ಮೇಲೆ, ಲೋಹ ಎಂಥದ್ದು ಅಂತ ಅಂದಾಜು ಹೇಳುವ ಒಂದು ನಂಬರ್ ಬರುತ್ತದೆ. ಚಿನ್ನಕ್ಕೇ ಅಂತ ಒಂದು ನಂಬರ್ ಇಲ್ಲ. 18 ಕ್ಯಾರೆಟ್ಟಿನ ತೆಳು ಉಂಗುರ ಒಂದು ಹೇಳಿದರೆ 22 ಕ್ಯಾರೆಟ್ಟಿನ ದಪ್ಪ ಉಂಗುರ ಇನ್ನೊಂದು ಹೇಳುತ್ತದೆ. ವಜ್ರ ಎಷ್ಟೇ ದೊಡ್ಡದಿರಲಿ, ಲೆಕ್ಕಕ್ಕಿಲ್ಲ. ಮಾತ್ರೆ ಸ್ಟ್ರಿಪ್ಪಿನ ಹಾಳೆ, ಸಿಗರೇಟ್ ಪ್ಯಾಕಿನ ಬೇಗಡೆ, ಬಿಯರ್ ಕ್ಯಾನಿನ ಚೂರು ಎಲ್ಲವೂ ಇದೇ ನಂಬರುಗಳ ನಡುವೆ ಬಂದು ಕೂರುತ್ತವೆ. ಹಾಗಾಗಿ ಜೋಡಿ ಉಂಗುರ ಕೇಳುತ್ತೇನೆ. ಗಂಡನದು ಕಳೆದಿದ್ದರೆ ಹೆಂಡತಿಯದನ್ನು, ಅದೇ ಅಂಗಡಿಯಲ್ಲಿ ಒಟ್ಟಿಗೆ ಮಾಡಿಸಿದ್ದಾದರೆ ಇನ್ನೂ ಒಳ್ಳೆಯದು, ಒಂದು ದಾರಕ್ಕೆ ಕಟ್ಟಿ ಮರಳಿನ ಮೇಲಿಟ್ಟು ಬೀಸಿ ನೋಡುತ್ತೇನೆ. ಮೊದಲು ಮಲಗಿಸಿ, ಆಮೇಲೆ ನಿಲ್ಲಿಸಿ. ನಿಂತ ಉಂಗುರದ ಸದ್ದು ಮಲಗಿದ್ದಕ್ಕಿಂತ ಸಣ್ಣ. ಉದಾಹರಣೆಗೆ ಪರದೆಯಲ್ಲಿ 12 ಬಂತು ಅನ್ನಿ. ಆಮೇಲೆ 10ರಿಂದ 14ರೊಳಗೆ ಏನು ಬಂದರೂ ಅಗೆಯುತ್ತೇನೆ, ಒಂದನ್ನೂ ಬಿಡುವುದಿಲ್ಲ. ಇದು ಬೇಗಡೆಯೇ ಇರಬೇಕು ಅಂತ ಮುಂದೆ ಹೋಗುವ ಹುಡುಕಾಟದಲ್ಲಿ ಉಂಗುರ ನೆಲದಲ್ಲೇ ಉಳಿಯುತ್ತದೆ. ಉದ್ದಕ್ಕೆ ಒಂದು ಸಲ ಮುಗಿಸಿ, ಅದೇ ಜಾಗವನ್ನು ಅಡ್ಡಕ್ಕೆ ಇನ್ನೊಂದು ಸಲ ಬೀಸುವುದೂ ನಿಂತ ಉಂಗುರದ ಸಲುವಾಗಿಯೇ.

ಸುತ್ತ ಇರುವ ಕಬ್ಬಿಣ ಮೆಷಿನ್ನಿಗೆ ದಾರಿ ತಪ್ಪಿಸುವುದು ಹೊಸದೇನಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡು ಬಿದ್ದಾಗ, ಮೈಯೊಳಗೆ ಅದು ಎಲ್ಲಿದೆ ಅಂತ ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಇಂಥದ್ದೇ ಉಪಕರಣ ತಂದಿದ್ದರು. ಗುಂಡು ಸಿಗಲಿಲ್ಲ. ಹಾಸಿಗೆಯ ಲೋಹದ ಸ್ಪ್ರಿಂಗುಗಳೂ ಅದಕ್ಕೆ ಒಂದು ಕಾರಣ ಅನ್ನುತ್ತಾರೆ. ನಾನು ಕೆಲಸ ಶುರು ಮಾಡುವ ಮೊದಲು ಬೀಚಿನ ಕುರ್ಚಿ, ಕೊಡೆಯ ಕಂಬ, ಬೀಗದ ಕೈ, ಸುತ್ತ ನಿಂತವರ ಮೊಬೈಲು ಎಲ್ಲವನ್ನೂ ದೂರ ಇಡಿಸುತ್ತೇನೆ.

ನಮ್ಮ ಕರಾವಳಿಗೆ ಅದರದ್ದೇ ಆದ ತೊಡಕುಗಳಿವೆ. ಉಪ್ಪುನೀರು ಕರೆಂಟ್ ಹರಿಸುತ್ತದೆ. ಹಾಗಾಗಿ ಒದ್ದೆ ಮರಳಿಗೆ ಬಂದ ಕೂಡಲೇ ಒಂದೇ ಫ್ರೀಕ್ವೆನ್ಸಿಯ ಮೆಷಿನ್ನುಗಳು ಸುಮ್ನೆ ಕೂಗತೊಡಗುತ್ತವೆ. ಕಡಲ ಕೆಲಸಕ್ಕೆ ಹಲವು ಫ್ರೀಕ್ವೆನ್ಸಿ ಒಟ್ಟಿಗೆ ಕಳಿಸುವ ಮೆಷಿನ್ ಇಲ್ಲವೇ ಪಲ್ಸ್ ಇಂಡಕ್ಷನ್ (ಕರೆಂಟನ್ನು ಮಿಡಿತದ ಹಾಗೆ ಬಿಟ್ಟು ಬಿಟ್ಟು ಕಳಿಸುವ) ಮೆಷಿನ್ ಬೇಕು. ಕೆಲವು ಕಡೆ ಮರಳಿನ ಮೇಲೆ ಕಪ್ಪು ಪಟ್ಟಿ ಕಾಣುತ್ತದಲ್ಲ, ಅದು ಇಲ್ಮನೈಟ್‌ನಂಥ ಕಬ್ಬಿಣದ ಅಂಶದ ಮರಳು. ಅಲ್ಲಿ ಮೆಷಿನ್ನಿನ ಶಕ್ತಿ ತಗ್ಗಿಸಿಕೊಂಡು, ನಿಧಾನಕ್ಕೆ ಬೀಸಬೇಕು. ಒಳನಾಡಿನ ಮುರಕಲ್ಲಿನ ಕೆಂಪು ನೆಲದಲ್ಲೂ ಇದೇ ಪಾಡು. ಪ್ರತಿ ಅಂಗಳದಲ್ಲೂ ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಕಬ್ಬಿಣದ ಅಂಶಕ್ಕೆ ಮೆಷಿನ್ ಕೂಗದ ಹಾಗೆ ಹೊಂದಿಸುವುದು, ಹೊಸದಾಗಿ ಮಾಡಿಕೊಳ್ಳಬೇಕು. ಮಾಲ್ ಬಾಗಿಲಲ್ಲಿ ಸೆಕ್ಯುರಿಟಿಯವರು ಮೈಗೆ ಹಿಡಿಯುವ ಕೋಲು ತಂದು ಬೀಚಿನಲ್ಲಿ ಹುಡುಕುವವರನ್ನು ನೋಡಿದ್ದೇನೆ. ಅದು ಹಿಡಿಯುವುದು ಕೆಲವೇ ಸೆಂಟಿಮೀಟರ್. ಅಗೆದ ಗುಂಡಿಯೊಳಗೆ ಉಂಗುರ ಯಾವ ಬದಿಯಲ್ಲಿದೆ ಅಂತ ನೋಡಲು ಮಾತ್ರ ಅದು ಒಳ್ಳೆಯದು.

ನೀರಿನಂಚಿನಲ್ಲಿ ಕಳೆದದ್ದಾದರೆ ಸಮಯದ ಜೊತೆ ಓಟ. 22 ಕ್ಯಾರೆಟ್ ಚಿನ್ನ ಒಂದು ಘನ ಸೆಂಟಿಮೀಟರಿಗೆ ಸುಮಾರು 17.8 ಗ್ರಾಂ ತೂಗುತ್ತದೆ. ಮರಳಿನ ಕಣ ಅಷ್ಟೇ ಗಾತ್ರಕ್ಕೆ 2.65 ಗ್ರಾಂ. ಅಲೆ ಬಂದು ಹೋಗುವಾಗ ಕಾಲಡಿಯ ಮರಳು ಸಡಿಲವಾಗಿ ಪಾದ ಕೆಳಗೆ ಇಳಿಯುತ್ತದೆ ಅಲ್ವಾ? ಉಂಗುರವೂ ಹಾಗೇ ಇಳಿಯುತ್ತದೆ. ಚಿಪ್ಪಿನ ಪದರವೋ ಜೇಡಿಯೋ ಸಿಕ್ಕುವ ತನಕ ಇಳಿಯುತ್ತಲೇ ಹೋಗುತ್ತದೆ. ಆದರೆ ಭಾರದ್ದಾದ್ದರಿಂದ ಪಕ್ಕಕ್ಕೆ ದೂರ ಹೋಗುವುದಿಲ್ಲ, ಇದು ನಮ್ಮ ಪುಣ್ಯ. ಒಣ ಮರಳಿನಲ್ಲಿ ಒಂದು ಗೇಣು ಆಳದ ಉಂಗುರವನ್ನು ಒಳ್ಳೆಯ ಮೆಷಿನ್ ಹಿಡಿಯುತ್ತದೆ. ಅದಕ್ಕಿಂತ ಕೆಳಗೆ ಇಳಿದ ಮೇಲೆ ಕಷ್ಟ. ಹಾಗಾಗಿ ಮುಂದಿನ ಇಳಿತಕ್ಕೇ ಹುಡುಕಬೇಕು, ಮುಂದಿನ ವಾರಕ್ಕಲ್ಲ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಇನ್ನೂ ಹಿಂದೆ ಸರಿಯುತ್ತದೆ, ಆಗ ಹೆಚ್ಚು ಜಾಗ ಸಿಗುತ್ತದೆ. ಇಳಿತದ ಹೊತ್ತನ್ನು ನಾನು ಮೊಬೈಲಿನಲ್ಲಿ ನೋಡಿದರೂ ಅಲ್ಲಿನ ಮೀನುಗಾರರನ್ನು ಒಂದು ಮಾತು ಕೇಳದೆ ಹೋಗುವುದಿಲ್ಲ. ಎಲ್ಲಿ ಗುಂಡಿ ಬಿದ್ದಿದೆ, ಎಲ್ಲಿ ಸೆಳೆತ ಇದೆ ಅಂತ ಅವರಿಗೆ ಗೊತ್ತು.

ಮಳೆಗಾಲದಲ್ಲಿ ನೀರಿಗೆ ಇಳಿದು ಹುಡುಕುವುದಿಲ್ಲ. ಎಷ್ಟೇ ಕೊಡುತ್ತೇವೆ ಅಂದರೂ ಇಲ್ಲ. ಉಂಗುರಕ್ಕಾಗಿ ಜೀವ ಕೊಡುವ ಕೆಲಸ ಇದಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲು ದಂಡೆಯ ಮರಳನ್ನು ಎಳೆದು ಒಯ್ಯುತ್ತದೆ, ಮಳೆ ಹೋದ ಮೇಲೆ ಮೆಲ್ಲಗೆ ತಂದು ಹಾಕುತ್ತದೆ. ಈ ನಡುವೆ ಹಳೆಯ ಪದರ ಹೊರಗೆ ಬರುವ ಕೆಲವು ದಿನಗಳಿರುತ್ತವೆ. ಬೇಸಿಗೆಯಲ್ಲಿ ಸಿಗದ ಉಂಗುರಕ್ಕೆ ಮಳೆ ನಿಂತು ಕಡಲು ಶಾಂತವಾದ ಕೂಡಲೇ ಇನ್ನೊಂದು ಸಲ ನೋಡುವುದು ಅದಕ್ಕೇ. ಚಳಿಗಾಲದಲ್ಲಿ ಕಡಲಾಮೆಗಳು ಉಡುಪಿ, ಉತ್ತರ ಕನ್ನಡದ ದಂಡೆಗಳಿಗೆ ಮೊಟ್ಟೆ ಇಡಲು ಬರುತ್ತವೆ. ಅರಣ್ಯ ಇಲಾಖೆಯವರು ಬೇಲಿ ಕಟ್ಟಿದ ಕಡೆ ಸಲಿಕೆ ಹಾಕುವ ಮಾತೇ ಇಲ್ಲ. ಆ ದಿನಗಳಲ್ಲಿ ರಾತ್ರಿ ಟಾರ್ಚ್ ಹಿಡಿದು ಓಡಾಡುವುದೂ ತಪ್ಪು.

ಎಲ್ಲರೂ ಬೀಚಿನಲ್ಲೇ ಕಳೆದುಕೊಳ್ಳುವುದಿಲ್ಲ. ಗದ್ದೆಯಲ್ಲಿ ನಾಟಿ ಮಾಡುವಾಗ ಉಂಗುರ ಹೋಯಿತು ಅಂತ ಫೋನ್ ಬಂದರೆ ನನಗೆ ಧೈರ್ಯ ಜಾಸ್ತಿ. ಕೇಳಿದವರಿಗೆ ಆಶ್ಚರ್ಯ ಆಗುತ್ತದೆ. ಗದ್ದೆಯಲ್ಲಿ ಕಸದ ಲೋಹ ತುಂಬಾ ಕಡಿಮೆ. ಜೊತೆಗೆ ನೇಜಿಯೇ (ನಾಟಿ ಮಾಡುವ ಭತ್ತದ ಸಸಿ) ಸಾಕ್ಷಿ. ಮಧ್ಯಾಹ್ನ ಊಟಕ್ಕೆ ಕೈ ತೊಳೆಯುವಾಗ ಉಂಗುರ ಇತ್ತು, ಸಂಜೆ ಇರಲಿಲ್ಲ ಅಂದರೆ, "ಊಟದ ಮೇಲೆ ನೀವು ನೆಟ್ಟ ಸಾಲು ಯಾವುದು ಅಕ್ಕಾ?" ಅಂತ ಕೇಳಿದರೆ ಸಾಕು. ಅವರು ಕೈ ತೋರಿಸಿ ಹೇಳುತ್ತಾರೆ, ಇಲ್ಲಿಂದ ಇಲ್ಲಿಗೆ. ನೇಜಿ ಒತ್ತುವಾಗ ಬೆರಳು ಕೆಸರಿನೊಳಗೆ ಹೋಗಿ ಬರುತ್ತದೆ, ಉಂಗುರ ಬುಡದಲ್ಲೇ ಉಳಿಯುತ್ತದೆ. ಸಾಲಿನ ನಡುವೆ ಕಾಯಿಲ್ ಇಳಿಸಿ ಬುಡದಿಂದ ಬುಡಕ್ಕೆ ಹೋದರೆ ಪೈರಿಗೂ ಏಟಾಗುವುದಿಲ್ಲ. ನಾನು ಬೇಡಿಕೊಳ್ಳುವುದು ಒಂದೇ: ನಾವು ಬರುವ ತನಕ ಟಿಲ್ಲರ್ ಇಳಿಸಬೇಡಿ. ಅಡುಗೆಮನೆಯಲ್ಲಿ ಕಳೆದದ್ದಾದರೆ ಮೊದಲು ಸಿಂಕಿನ ಕೆಳಗಿನ ಬಾಗಿದ ಪೈಪು ಬಿಚ್ಚಿ, ಆಮೇಲೆ ತರಕಾರಿ ಸಿಪ್ಪೆ ಹಾಕುವ ಗೊಬ್ಬರದ ಗುಂಡಿ ನೋಡಿ. ಇವೆರಡಕ್ಕೆ ನನ್ನನ್ನು ಕರೆಯಬೇಕಾದ್ದೇ ಇಲ್ಲ.

ಈ ಕೆಲಸದಲ್ಲಿ ನನಗೆ ಬೇಸರ ತರುವ ಫೋನ್ ಒಂದೇ ಬಗೆಯದು. "ಹಳೇ ದೇವಸ್ಥಾನದ ಹತ್ತಿರ ನಮ್ಮದೊಂದು ಜಾಗ ಉಂಟು, ರಾತ್ರಿ ಬಂದು ನೋಡ್ತೀರಾ?" ನಿಧಿ ಆಸೆಗೆ ನಮ್ಮ ರಾಜ್ಯದಲ್ಲಿ ಎಷ್ಟು ಗುಡಿಗಳ ಪೀಠ ಕಿತ್ತಿದ್ದಾರೆ, ಎಷ್ಟು ಶಾಸನದ ಕಲ್ಲು ಒಡೆದಿದ್ದಾರೆ! ಪತ್ರಿಕೆಯಲ್ಲಿ ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅನ್ನುವುದು 1878ರ ನಿಧಿ ಕಾಯ್ದೆಯ ಕಾಲದಿಂದ ಇರುವ ನಿಯಮ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸಂರಕ್ಷಿತ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ಇಂಥ ಫೋನಿಗೆ ನಾನು ಇಲ್ಲ ಅನ್ನುತ್ತೇನೆ, ಮೆಷಿನ್ ಬಾಡಿಗೆಗೂ ಕೊಡುವುದಿಲ್ಲ. ಕಳೆದುಕೊಂಡವರು ಎದುರಿಗೇ ನಿಂತಿರಬೇಕು, ಕಳೆದ ವಸ್ತು ಅವರದೇ ಅಂತ ಗೊತ್ತಿರಬೇಕು, ಜಾಗದ ಯಜಮಾನರ ಒಪ್ಪಿಗೆ ಇರಬೇಕು. ಆಗ ಮಾತ್ರ ಬರುತ್ತೇನೆ.

ಹಣದ ವಿಷಯ ಎಲ್ಲರೂ ಕೇಳುತ್ತಾರೆ. ಕೆನಡಾದ ವ್ಯಾಂಕೂವರ್‌ನಿಂದ ಶುರುವಾದ 'ದಿ ರಿಂಗ್ ಫೈಂಡರ್ಸ್' ಎಂಬ ಡೈರೆಕ್ಟರಿಯಲ್ಲಿ ಹಲವು ದೇಶಗಳ ಹುಡುಕುವವರಿದ್ದಾರೆ. ಅವರಲ್ಲಿ ಅನೇಕರು ಉಂಗುರ ಸಿಕ್ಕರೆ ಖುಷಿಯಿಂದ ಕೊಟ್ಟಷ್ಟು ಅನ್ನುವ ಲೆಕ್ಕದಲ್ಲೇ ಕೆಲಸ ಮಾಡುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ. ಹೋಗಿಬರುವ ಖರ್ಚು ಕೊಟ್ಟರೆ ಸಾಕು, ಉಳಿದದ್ದು ಸಿಕ್ಕ ಮೇಲಿನ ಮಾತು. ಉಂಗುರದ ಬೆಲೆಯಲ್ಲಿ ಇಷ್ಟು ಪರ್ಸೆಂಟ್ ಅಂತ ಮೊದಲೇ ಕಟ್ಟಿ ಹಾಕುವವರನ್ನು ದೂರ ಇಡಿ.

ಉಂಗುರ ಸಿಕ್ಕಿದ ಮೇಲೂ ಒಂದು ಕೆಲಸ ಇದೆ. ಬೀಚಿನಲ್ಲಿ ನಾವು ಹುಡುಕುವಾಗ ಬೇರೆಯವರ ಉಂಗುರವೂ ಸಿಗುತ್ತದೆ. ಹಾಗಾಗಿ ಮರಳು ಕೊಡವಿ ತಕ್ಷಣ ಕೈಗೆ ಕೊಡುವುದಿಲ್ಲ, ಒಳಗೆ ಏನು ಬರೆಸಿದ್ದೀರಿ ಅಂತ ಕೇಳುತ್ತೇನೆ. ಹೆಸರು, ತಾರೀಕು, ಅಥವಾ ಹಾಲ್‌ಮಾರ್ಕಿನ ಜೊತೆಗಿರುವ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ, ಎಚ್‌ಯುಐಡಿ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಆಭರಣಕ್ಕೆ ಇದು ಕಡ್ಡಾಯ. ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ, ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಬೇಕು. ಉಂಗುರ ಬೆರಳಲ್ಲಿ ಇರುವಾಗಲೇ ಬಿಚ್ಚಿ ಒಳಮೈಯ ಫೋಟೋ ಒಂದು ತೆಗೆದಿಡಿ. ಗಂಡ ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇರಲಿ. ಯಾರ ಉಂಗುರವೋ ಗೊತ್ತಾಗದಿದ್ದರೆ ನಾನು ಅದನ್ನು ಹತ್ತಿರದ ಪೊಲೀಸ್ ಠಾಣೆಗೆ ಕೊಟ್ಟು ರಸೀದಿ ತರುತ್ತೇನೆ. ಬೀಚಿನಲ್ಲಿ ಉಂಗುರ ಕಳೆದವರು ಅಲ್ಲಿನ ಠಾಣೆಗೂ ಲೈಫ್‌ಗಾರ್ಡ್‌ಗಳಿಗೂ ನಂಬರ್ ಕೊಟ್ಟು ಬರಬೇಕು. ಹಾಗೆ ಕೊಟ್ಟು ಹೋದವರಿಗೆ ತಿಂಗಳುಗಳ ಮೇಲೆ ಫೋನ್ ಹೋದದ್ದೂ ಉಂಟು.